ಮುಳ್ಳು ಕಾಲಿನಲ್ಲಿ, ಟ್ಯಾಂಕು ಖಾಲಿ: ಪೆಟ್ರೋಲ್ ಮೀಟರಿನ ಸುಳ್ಳು ಹಿಡಿಯುವ ಬಗೆ

ದೇವಿಮನೆ ಘಟ್ಟದಲ್ಲಿ ನನ್ನ ಹಳೇ ವ್ಯಾನು ನಿಂತಾಗ ಸಂಜೆ ಆರೂವರೆ. ಕುಮಟೆಯಲ್ಲಿ ಮದುವೆ ಊಟ ಮುಗಿಸಿಕೊಂಡು ಶಿರಸಿ ಕಡೆ ಹತ್ತುತ್ತಿದ್ದೆವು. ಎರಡು ಸಲ ಕೆಮ್ಮಿತು, ಮೂರನೇ ಸಲಕ್ಕೆ ಸುಮ್ಮನಾಯಿತು. ಮೀಟರ್ ನೋಡಿದರೆ ಮುಳ್ಳು ಕಾಲು ಟ್ಯಾಂಕಿನ ಗೆರೆಯ ಮೇಲೆ ನೆಟ್ಟಗೆ ಕೂತಿದೆ. ಅದನ್ನೇ ನಂಬಿ ಪ್ಲಗ್ಗು ಬಿಚ್ಚಿ ಒರೆಸಿದೆ, ಕಾರ್ಬೊರೇಟರಿನ ಪೈಪು ತಡಕಿದೆ, ಡಿಸ್ಟ್ರಿಬ್ಯೂಟರಿನ ಕ್ಯಾಪು ತೆಗೆದು ಹಾಕಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಗಾಡಿಯನ್ನು ಅಲ್ಲಾಡಿಸಿ ಕಿವಿ ಕೊಟ್ಟೆ. ಒಳಗೆ ಸದ್ದೇ ಇಲ್ಲ.

"ಕಾಲು ಟ್ಯಾಂಕ್ ಇದ್ದು ಅಂದ್ರಿ ಅಲ್ದಾ?" ಎಂದಳು ನಮ್ಮನೆಯವಳು.

ಭಾವನಿಗೆ ಫೋನು ಮಾಡಿದೆ. ಬಂಕಿನಲ್ಲಿ ಬಾಟಲಿಗೆ ಪೆಟ್ರೋಲ್ ಹಾಕಲು ಒಪ್ಪಲಿಲ್ಲವಂತೆ. ಅವನು ತನ್ನ ಬೈಕಿನಲ್ಲೇ ಬಂದು, ಅದರ ಪೈಪು ಬಿಚ್ಚಿ ಎರಡು ಲೀಟರ್ ಇಳಿಸಿಕೊಟ್ಟ ಮೇಲೆ ಮನೆ ಸೇರಿದೆವು.

ನನಗೆ ಹೆಚ್ಚು ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ಅದರ ಹಿಂದಿನ ವರ್ಷವಷ್ಟೇ ಇದೇ ಮೀಟರ್ ಬೇರೆ ರೀತಿಯಲ್ಲಿ ಕೆಟ್ಟಿತ್ತು. ಆಗ ಗ್ಯಾರೇಜಿನವರ ಮಾತು ಕೇಳಿ ಹೊಸ ಟ್ಯಾಂಕ್ ಯೂನಿಟ್ ಹಾಕಿಸಿದ್ದೆ. ದುಡ್ಡು ಹೋಯಿತು, ಮುಳ್ಳು ಮಾತ್ರ ಮೊದಲಿನಂತೆಯೇ ಕುಣಿಯಿತು. ದೋಷ ಇದ್ದದ್ದು ಒಂದು ತುಕ್ಕು ಹಿಡಿದ ಬೋಲ್ಟಿನಲ್ಲಿ. ಆಮೇಲೆ ನೆಂಟರಿಷ್ಟರ ಐದಾರು ಗಾಡಿಗಳ ಮೀಟರ್ ನೋಡಿಕೊಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಅಡಿಕೆ ತೋಟದವನು. ಆದರೆ ಈ ಒಂದು ಕೆಲಸ ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದು ಪೆಟ್ಟು ತಿಂದು ಗೊತ್ತಾಗಿದೆ: ಹೊರಗಿನಿಂದ ಒಳಕ್ಕೆ ಹೋಗಬೇಕು, ಟ್ಯಾಂಕ್ ಬಿಚ್ಚುವುದು ಕಟ್ಟಕಡೆಗೆ.

ಒಳಗೆ ಇರುವುದು ಇಷ್ಟೇ

ಟ್ಯಾಂಕಿನೊಳಗೆ ತಂತಿಯ ತುದಿಯಲ್ಲಿ ಒಂದು ಫ್ಲೋಟು ತೇಲುತ್ತಿರುತ್ತದೆ. ಪೆಟ್ರೋಲ್ ಇಳಿದಂತೆ ಅದೂ ಇಳಿಯುತ್ತದೆ. ತಂತಿಯ ಇನ್ನೊಂದು ತುದಿಯಲ್ಲಿ ಸಣ್ಣ ಲೋಹದ ನಾಲಿಗೆ ಇದ್ದು ಅದು ರೆಸಿಸ್ಟೆನ್ಸ್ ಪಟ್ಟಿಯ (ಕರೆಂಟಿಗೆ ತಡೆ ಒಡ್ಡುವ ಪಟ್ಟಿ) ಮೇಲೆ ಉಜ್ಜುತ್ತ ಸರಿಯುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುವುದೂ ಇದೇ. ಇಷ್ಟೂ ಸೇರಿದ್ದಕ್ಕೆ ಗ್ಯಾರೇಜಿನಲ್ಲಿ ಟ್ಯಾಂಕ್ ಯೂನಿಟ್ ಅಂತಲೋ ಬರೀ ಫ್ಲೋಟ್ ಅಂತಲೋ ಹೇಳುತ್ತಾರೆ. ಅಲ್ಲಿಂದ ಒಂದು ವೈರು ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುತ್ತದೆ, ಇನ್ನೊಂದು ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ, ಅರ್ಥ್ ಆಗುತ್ತದೆ; ಕರೆಂಟು ಬ್ಯಾಟರಿಗೆ ಮರಳುವುದು ಆ ಮೈಯ ಮೂಲಕ. ಮುಳ್ಳು ತೋರಿಸುವುದು ಪೆಟ್ರೋಲನ್ನಲ್ಲ, ಈ ದಾರಿಯಲ್ಲಿ ಹರಿಯುವ ಕರೆಂಟನ್ನು. ದಾರಿಯಲ್ಲಿ ಎಲ್ಲಿ ಕಿಲುಬು ಹಿಡಿದರೂ ಮುಳ್ಳು ಸುಳ್ಳು ಹೇಳುತ್ತದೆ.

ನನ್ನ ವ್ಯಾನಿನಲ್ಲಿ ಫ್ಲೋಟ್ ಪೂರ್ತಿ ಮೇಲಿದ್ದಾಗ ರೆಸಿಸ್ಟೆನ್ಸ್ 5 ಓಮ್ (ಅದನ್ನು ಅಳೆಯುವ ಮಾನ) ಆಸುಪಾಸು, ಪೂರ್ತಿ ಕೆಳಗಿಳಿದಾಗ 110 ಓಮ್. ಅಂದರೆ ಓಮ್ ಕಮ್ಮಿಯಾದಷ್ಟೂ ಮುಳ್ಳು ಫುಲ್ ಕಡೆಗೆ. ಎಲ್ಲ ಗಾಡಿಯಲ್ಲೂ ಹೀಗೇ ಇರುವುದಿಲ್ಲ. ಕೆಲವದರಲ್ಲಿ ಲೆಕ್ಕ ತಲೆಕೆಳಗು, ಓಮ್ ಹೆಚ್ಚಿದರೆ ಫುಲ್. ಕೆಳಗೆ ನಾನು ಹೇಳುವುದು ನನ್ನ ಗಾಡಿಯ ಜಾತಿಗೆ. ನಿಮ್ಮದು ಇನ್ನೊಂದು ಜಾತಿಯಾದರೆ ಮೇಲು-ಕೆಳಗು ಅದಲುಬದಲು ಮಾಡಿಕೊಳ್ಳಿ.

ಒಂದು ವಾರ ಸುಮ್ಮನೆ ನೋಡಿ

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯನ್ನು ಓಡಿಸುತ್ತ ಮುಳ್ಳಿನ ಚಾಳಿ ಗಮನಿಸಿ. ಅರ್ಧ ಪತ್ತೆ ಅಲ್ಲೇ ಆಗುತ್ತದೆ.

ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಇಳಿಯುತ್ತದೆಯೇ? ಇಂಡಿಕೇಟರ್ ಮಿಣುಕಿದ ತಾಳಕ್ಕೆ ಸರಿಯಾಗಿ ಅದೂ ಅಲ್ಲಾಡುತ್ತದೆಯೇ? ಹಾಗಿದ್ದರೆ ಟ್ಯಾಂಕಿನ ಸುದ್ದಿಗೇ ಹೋಗಬೇಡಿ. ಅದು ಅರ್ಥ್ ದೋಷ. ಹಿಂದಿನ ದೀಪಗಳೂ ಟ್ಯಾಂಕ್ ಯೂನಿಟ್ಟೂ ಒಂದೇ ಬೋಲ್ಟಿಗೆ ಅರ್ಥ್ ಆಗಿರುತ್ತವೆ. ಆ ಬೋಲ್ಟಿಗೆ ತುಕ್ಕು ಹಿಡಿದರೆ ದೀಪದ ಕರೆಂಟು ಮೀಟರಿನ ಲೆಕ್ಕವನ್ನು ಕೆಡಿಸುತ್ತದೆ. ನನ್ನ ಮೊದಲ ರಗಳೆ ಇದೇ ಆಗಿತ್ತು. ರಾತ್ರಿ ಅರ್ಧ ಟ್ಯಾಂಕ್, ಹಗಲು ಮುಕ್ಕಾಲು ಟ್ಯಾಂಕ್. ಇದನ್ನು ಗ್ಯಾರೇಜಿನಲ್ಲಿ ಹೇಳಿಯೂ ಇದ್ದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ, ನನಗೆ ಅದರ ಅರ್ಥ ಗೊತ್ತಿರಲಿಲ್ಲ.

ಪೆಟ್ರೋಲಿನ ಮುಳ್ಳಿನ ಜೊತೆ ಟೆಂಪರೇಚರ್ ಮುಳ್ಳೂ ಕೆಟ್ಟಿದ್ದರೆ ಎರಡಕ್ಕೂ ಕರೆಂಟು ಕೊಡುವ ಜಾಗ ನೋಡಬೇಕು: ಫ್ಯೂಸು, ಮೀಟರಿನ ಹಿಂದಿನ ಅರ್ಥ್, ಹಳೇ ಗಾಡಿಯಾದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ವೋಲ್ಟೇಜ್ ಸ್ಟೆಬಿಲೈಸರ್. ಪೆಟ್ರೋಲಿನದ್ದೊಂದೇ ಕೆಟ್ಟಿದ್ದರೆ ಇವುಗಳ ಮೇಲಿನ ಅನುಮಾನ ಬಿಡಬಹುದು.

ಮುಳ್ಳು ಒಂದು ನಿರ್ದಿಷ್ಟ ಜಾಗ ದಾಟುವಾಗ ಮಾತ್ರ ತಟ್ಟನೆ ಕೆಳಗೆ ಬಿದ್ದು ಮತ್ತೆ ಎದ್ದರೆ ಒಳಗಿನ ಪಟ್ಟಿ ಸವೆದಿದೆ. ಸವೆಯುವುದು ಹೆಚ್ಚಾಗಿ ಕಾಲು ಮತ್ತು ಅರ್ಧದ ನಡುವೆ. ಐನೂರು ರೂಪಾಯಿಗೆ ಹಾಕಿಸಿ ಓಡಿಸುವವರು ನಾವು. ಫ್ಲೋಟಿನ ಆಯುಷ್ಯವೆಲ್ಲ ಅಷ್ಟರಲ್ಲೇ ಕಳೆಯುತ್ತದೆ. ಟ್ಯಾಂಕ್ ತುಂಬಿಸಿದರೂ ಮುಳ್ಳು ತಳದಿಂದ ಏಳದಿದ್ದರೆ ಒಂದೋ ವೈರು ತುಂಡಾಗಿದೆ, ಇಲ್ಲವೇ ಫ್ಲೋಟಿಗೆ ತೂತು ಬಿದ್ದು ಪೆಟ್ರೋಲ್ ಕುಡಿದು ಮುಳುಗಿದೆ.

ಕೆಲವು ದೋಷವೇ ಅಲ್ಲ. ಫುಲ್ ಮಾಡಿಸಿದ ಮೇಲೆ ಎಂಬತ್ತು-ನೂರು ಕಿಲೋಮೀಟರ್ ಮುಳ್ಳು ಕದಲದಿರುವುದು, ಆಮೇಲೆ ಸರಸರ ಇಳಿಯುವುದು ಟ್ಯಾಂಕಿನ ಆಕಾರದಿಂದ ಆಗುವಂಥದ್ದು; ಮೇಲೆ ಅಗಲ, ಕೆಳಗೆ ಕಿರಿದು. ಇಳಿಜಾರಿನಲ್ಲಿ ನಿಲ್ಲಿಸಿದಾಗ ಏರುಪೇರು ತೋರಿಸುವುದೂ ಅಷ್ಟೇ. ಕೀ ತೆಗೆದರೂ ಮುಳ್ಳು ಇದ್ದಲ್ಲೇ ನಿಲ್ಲುವ ಗಾಡಿಗಳೂ ಇವೆ, ಅದು ಅದರ ರೀತಿ.

ಬಂಕಿನವರ ಮೇಲಿನ ಅನುಮಾನವನ್ನೂ ಇಲ್ಲೇ ತೀರಿಸಿಕೊಳ್ಳಿ. ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಗಿರಾಕಿ ಕೇಳಿದರೆ ಅದಕ್ಕೆ ಹಾಕಿ ತೋರಿಸಬೇಕು. 5 ಲೀಟರಿಗೆ 25 ಮಿಲಿ ಹೆಚ್ಚುಕಮ್ಮಿ ಒಪ್ಪಿತ. ನಾನು ಒಮ್ಮೆ ಕೇಳಿದೆ. ಮುಖ ಗಂಟು ಹಾಕಿಕೊಂಡೇ ಹುಡುಗ ತೋರಿಸಿದ; ಅಳತೆ ಕರಾರುವಾಕ್ಕಾಗಿತ್ತು. ಕಳ್ಳ ನನ್ನ ಗಾಡಿಯೊಳಗೇ ಇದ್ದ.

ವೈರಿನ ಪರೀಕ್ಷೆ

ಟ್ಯಾಂಕ್ ಯೂನಿಟ್ಟಿಗೆ ಬರುವ ವೈರಿನ ಕನೆಕ್ಟರ್ ಹುಡುಕಿ. ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸೀಟು ಎತ್ತಿದರೆ ಒಂದು ದುಂಡನೆಯ ಮುಚ್ಚಳದ ಕೆಳಗೆ ಸಿಗುತ್ತದೆ. ನನ್ನದು ವ್ಯಾನು, ಹೊಟ್ಟೆಯಡಿ ಮಲಗಬೇಕು. ಇಂಜೆಕ್ಷನ್ ಗಾಡಿಯಾದರೆ (ಕಾರ್ಬೊರೇಟರ್ ಇಲ್ಲದೆ, ಟ್ಯಾಂಕಿನೊಳಗಿನ ಕರೆಂಟಿನ ಪಂಪಿನಿಂದ ಪೆಟ್ರೋಲ್ ಹೋಗುವಂಥದ್ದು) ಅದೇ ಕನೆಕ್ಟರಿನಲ್ಲಿ ಪಂಪಿನ ದಪ್ಪ ವೈರುಗಳೂ ಇರುತ್ತವೆ. ಅವುಗಳ ತಂಟೆಗೆ ಹೋಗಬಾರದು. ಯಾವ ಸಣ್ಣ ವೈರು ಮೀಟರಿನದ್ದು ಅಂತ ಖಾತ್ರಿಯಾಗದಿದ್ದರೆ ಇಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರಿಗೆ ಕೊಡಿ.

ಕೀ ಆಫ್ ಮಾಡಿ ಕನೆಕ್ಟರ್ ಬಿಡಿಸಿ. ಕೀ ಆನ್ ಮಾಡಿ. ಮುಳ್ಳು ತಳಕ್ಕೆ ಹೋಗಬೇಕು. ಮತ್ತೆ ಆಫ್ ಮಾಡಿ, ಮೀಟರಿನ ವೈರಿಗೂ ಬಾಡಿಗೂ ನಡುವೆ 12 ವೋಲ್ಟಿನ ಒಂದು ಪುಟ್ಟ ಬಲ್ಬು ಸೇರಿಸಿ, ಕೀ ಆನ್ ಮಾಡಿ. ಮುಳ್ಳು ಮೇಲೇಳಬೇಕು. ನೇರವಾಗಿ ಬಾಡಿಗೆ ತಾಗಿಸುವವರಿದ್ದಾರೆ, ಹಳೇ ಮೀಟರುಗಳು ತಾಳಿಕೊಂಡಾವು. ಆದರೆ ಬಲ್ಬು ನಡುವೆ ಇದ್ದರೆ ಮೀಟರಿನ ಸುರುಳಿ ಸುಡುವ ಭಯವಿಲ್ಲ. ಹಳೇ ಮೀಟರಿನ ಮುಳ್ಳು ಬಿಸಿಯಾಗಿ ಬಾಗುವ ಪಟ್ಟಿಯಿಂದ ನಡೆಯುತ್ತದೆ, ನಿಧಾನ. ಹತ್ತು-ಹದಿನೈದು ಸೆಕೆಂಡು ಕಾಯಿರಿ.

ಮುಳ್ಳು ಎರಡೂ ಕಡೆ ಸರಿಯಾಗಿ ಓಡಾಡಿತೇ? ಹಾಗಾದರೆ ಮೀಟರ್ ಸರಿಯಿದೆ, ವೈರು ಸರಿಯಿದೆ. ಓಡಾಡಲಿಲ್ಲವೇ? ಡ್ಯಾಶ್‌ಬೋರ್ಡಿನಿಂದ ಹಿಂದಿನವರೆಗೂ ವೈರನ್ನು ಕೈಯಲ್ಲಿ ಸವರುತ್ತ ಬನ್ನಿ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಗಳು ಗಾಡಿಯೊಳಗೆ ಸಂಸಾರ ಹೂಡುತ್ತವೆ. ಪಕ್ಕದ ಮನೆಯವರ ಕಾರಿನಲ್ಲಿ ವೈರು ತುಂಡಾದ ಜಾಗದಲ್ಲಿ ಅರ್ಧ ತಿಂದ ಅಡಿಕೆ ಸಿಪ್ಪೆಯೂ ಇತ್ತು.

ಈಗ ಅರ್ಥ್. ಕನೆಕ್ಟರ್ ಮತ್ತೆ ಸಿಕ್ಕಿಸಿ. ಮಲ್ಟಿಮೀಟರನ್ನು (ವೋಲ್ಟು, ಓಮು ಅಳೆಯುವ ಸಣ್ಣ ಉಪಕರಣ) 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಟ್ಯಾಂಕ್ ಯೂನಿಟ್ಟಿನ ಅರ್ಥ್ ವೈರಿಗೆ. ಕೀ ಆನ್, ಹೆಡ್‌ಲೈಟ್ ಆನ್. 0.1 ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ನನ್ನದರಲ್ಲಿ 0.9 ತೋರಿಸಿತು. ಚೇಸಿಗೆ ಕೂತ ಬೋಲ್ಟ್ ಬಿಚ್ಚಿದರೆ ವಾಷರಿನ ಕೆಳಗೆ ಕಂದು ಪುಡಿ, ವೈರಿನ ರಿಂಗಿನ ಮೇಲೆ ಹಸಿರು ಕಿಲುಬು. ಎಮರಿ ಪೇಪರಿನಲ್ಲಿ ಚೇಸಿಯ ಆ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ರಿಂಗು ಹೊಸದು ಹಾಕಿ, ಹಲ್ಲಿನ ವಾಷರ್ ಕೊಟ್ಟು ಬಿಗಿದು, ಮೇಲೆ ವ್ಯಾಸಲೀನ್ ಬಳಿದೆ. ಒಟ್ಟು ಖರ್ಚು ಹದಿನೈದು ರೂಪಾಯಿ. ಹಿಂದಿನ ವಾರ ಹಾಕಿಸಿದ ಹೊಸ ಯೂನಿಟ್ಟಿನ ಬಿಲ್ಲು ಆಗ ಡ್ಯಾಶ್‌ಬೋರ್ಡಿನಲ್ಲೇ ಇತ್ತು.

ಟ್ಯಾಂಕ್ ಬಿಚ್ಚುವುದಿದ್ದರೆ

ಇಲ್ಲಿ ಅವಸರ ಬೇಡ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕ್ ಹೆಚ್ಚು ಅಪಾಯ, ಯಾಕೆಂದರೆ ಒಳಗೆ ಉಳಿಯುವುದು ಆವಿ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ನೀರಿನ ಹಾಗೆ ಹರಿದು ತಗ್ಗಿನ ಜಾಗಕ್ಕೆ ಸೇರುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಬೆಳಗಾದರೆ ಬಚ್ಚಲ ಒಲೆ ಉರಿಯುತ್ತಿರುತ್ತದೆ. ನಾನು ಈ ಕೆಲಸಕ್ಕೆ ಗಾಡಿಯನ್ನು ಅಂಗಳದಿಂದ ದೂರ, ತೋಟದ ದಾರಿಯ ಬಯಲಿಗೆ ಒಯ್ದೆ. ಮಧ್ಯಾಹ್ನ, ಒಲೆ ಆರಿದ ಮೇಲೆ. ಬೀಡಿ ಸೇದುವ ಕೆಲಸದಾಳನ್ನು ಪೇಟೆಗೆ ಕಳಿಸಿದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕಿಟ್ಟೆ. ಮೊಬೈಲು ಮನೆಯಲ್ಲಿ. ಹತ್ತಿ ಬಟ್ಟೆ, ಪಕ್ಕದಲ್ಲಿ ಎರಡು ಬಕೆಟ್ ಮರಳು. ಇಂಜೆಕ್ಷನ್ ಗಾಡಿಯಾದರೆ ಮೊದಲು ಪಂಪಿನ ಫ್ಯೂಸು ತೆಗೆದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಪೈಪು ಬಿಚ್ಚಿದಾಗ ಮುಖಕ್ಕೇ ಚಿಮ್ಮುತ್ತದೆ.

ಯೂನಿಟ್ಟಿನ ಸುತ್ತಲಿನ ಕೆಸರನ್ನು ಬ್ರಷ್ಷಿನಲ್ಲಿ ತೆಗೆದೇ ಮುಂದಿನ ಕೆಲಸ. ಯಾವ ದಿಕ್ಕಿಗೆ ಕೂತಿತ್ತು ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಲಾಕ್ ರಿಂಗ್ ಇದ್ದರೆ ಕಬ್ಬಿಣದ ಉಳಿಯಲ್ಲಿ ಬಡಿಯಬೇಡಿ, ಕಿಡಿ ಹಾರುತ್ತದೆ. ಮರದ ತುಂಡು ಇಟ್ಟು ತಟ್ಟಿ. ಹೊರತೆಗೆಯುವಾಗ ತಂತಿ ತೂತಿಗೆ ಸಿಕ್ಕಿಕೊಂಡರೆ ಎಳೆಯದೆ ಓರೆ ಮಾಡಿ ತಿರುಗಿಸುತ್ತ ತೆಗೆಯಬೇಕು. ತೆಗೆದ ಮೇಲೆ ತೂತನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಯೂನಿಟ್ಟನ್ನು ಇಪ್ಪತ್ತು ಹೆಜ್ಜೆ ದೂರ ಒಯ್ದು ಆರಲು ಬಿಟ್ಟು ಆಮೇಲೆ ಪರೀಕ್ಷೆ ಮಾಡಿ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಗುಳುಗುಳು ಅಂದರೆ ತೂತಾಗಿದೆ. ಹಿತ್ತಾಳೆಯದ್ದಾದರೆ ಬೆಸುಗೆ ಹಾಕಿಸುವ ಮನಸ್ಸಾಗುತ್ತದೆ. ಒಳಗೆ ಪೆಟ್ರೋಲ್ ಇರುವ ಡಬ್ಬಕ್ಕೆ ಕಾಸಿದ ಕಬ್ಬಿಣ ಹಿಡಿಯುವ ಕೆಲಸ ಅದು. ನಾನಂತೂ ಮಾಡುವುದಿಲ್ಲ, ಹೊಸ ಫ್ಲೋಟು ಹಾಕುತ್ತೇನೆ.

ಮಲ್ಟಿಮೀಟರನ್ನು 200 ಓಮಿಗೆ ಇಟ್ಟು ತಂತಿಯನ್ನು ಬಹಳ ನಿಧಾನ ಮೇಲಿಂದ ಕೆಳಗೆ ಸರಿಸಿ. ಅಂಕಿ ಒಂದೇ ಸಮ ಏರುತ್ತ ಹೋಗಬೇಕು. ನಡುವೆ ಎಲ್ಲಾದರೂ ಅಂಕಿ ಮಾಯವಾದರೆ ಆ ಜಾಗದಲ್ಲಿ ಪಟ್ಟಿ ಕೊಳೆಯಾಗಿದೆ ಅಥವಾ ಸವೆದಿದೆ. ಕೊಳೆಯಾದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಯಲ್ಲಿ ಒರೆಸಿ, ಜಿಗುಟಾಗಿದ್ದರೆ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ. ಎಮರಿ ಪೇಪರ್ ಇಲ್ಲಿ ಬೇಡವೇ ಬೇಡ, ಪಟ್ಟಿ ಸಿಗರೇಟಿನ ಕಾಗದಕ್ಕಿಂತ ತೆಳು. ಸವೆದದ್ದಾದರೆ ನಾಲಿಗೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಾಗಿಸಿ ಸವೆಯದ ಜಾಗದಲ್ಲಿ ಓಡುವಂತೆ ಮಾಡಬಹುದು. ಒಂದೆರಡು ವರ್ಷ ತಳ್ಳುತ್ತದೆ.

ಘಟ್ಟದಲ್ಲಿ ನಿಂತ ದಿನದ ಗುಟ್ಟು

ಆ ಸಲ ನಾನು ಇದನ್ನೆಲ್ಲ ಕ್ರಮವಾಗಿ ಮಾಡಿದೆ. ವೈರು ಸರಿ, ಅರ್ಥ್ ಸರಿ. ಟ್ಯಾಂಕ್ ಇಳಿಸಿ ಯೂನಿಟ್ ಕೈಯಲ್ಲಿ ಹಿಡಿದು ಸರಿಸಿದರೆ ಅಂಕಿ 5ರಿಂದ 110ರವರೆಗೆ ಬೆಣ್ಣೆಯಂತೆ ಏರಿತು. ತಂತಿ ಬಾಗಿಲ್ಲ, ಫ್ಲೋಟಿಗೆ ತೂತಿಲ್ಲ. ಖಾಲಿ ಟ್ಯಾಂಕಿಗೆ ಮತ್ತೆ ಸಿಕ್ಕಿಸಿ ಅಳೆದರೆ 70 ಓಮಿಗೇ ನಿಂತಿತು. ಕೈಯಲ್ಲಿ 110, ಟ್ಯಾಂಕಿನಲ್ಲಿ 70.

ಜೊತೆಗಿದ್ದ ಪಕ್ಕದ ಮನೆ ಹುಡುಗ, ಡಿಪ್ಲೊಮಾ ಓದುವವನು, ಟ್ಯಾಂಕನ್ನು ಮಗುಚಿ ಹಾಕಿ ನೋಡಿದ. "ಮಾವ, ಇಲ್ನೋಡಿ" ಎಂದ. ತಳದಲ್ಲಿ ತೆಂಗಿನ ಚಿಪ್ಪು ಕೂರುವಷ್ಟು ತಗ್ಗು. ತೋಟದ ದಾರಿಯಲ್ಲಿ ಯಾವತ್ತೋ ಕಲ್ಲು ಬಡಿದಿತ್ತು. ಹೊರಗಿನ ತಗ್ಗು ಒಳಗೆ ದಿಬ್ಬ. ಪೆಟ್ರೋಲ್ ಇಳಿಯುತ್ತ ಬಂದಾಗ ಫ್ಲೋಟು ಆ ದಿಬ್ಬದ ಮೇಲೆ ಕೂತುಬಿಡುತ್ತಿತ್ತು. ಅಲ್ಲಿಂದ ಕೆಳಗೆ ಪೆಟ್ರೋಲ್ ಎಷ್ಟೇ ಇಳಿಯಲಿ, ಮುಳ್ಳು ಕಾಲಿನಲ್ಲೇ. ಪೆಟ್ರೋಲ್ ಹೀರುವ ಪೈಪು ಇನ್ನೊಂದು ಮೂಲೆಯಲ್ಲಿದ್ದದ್ದರಿಂದ ಅದು ಕೊನೆಯ ಹನಿಯವರೆಗೂ ಹೀರಿತ್ತು.

ತಗ್ಗು ಎತ್ತಿಸಲು ಕಾಸಬೇಕು, ಬೆಸುಗೆ ಹಾಕಬೇಕು ಎಂದರು ಒಬ್ಬರು. ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತೋರಿಸುವ ಮಾತೇ ಇಲ್ಲ ಎಂದೆ. ಹೊಸ ಟ್ಯಾಂಕಿಗೆ ಗಾಡಿಯ ಈಗಿನ ಬೆಲೆಯ ಒಂದು ಪಾಲು ಸುರಿಯಲು ಮನಸ್ಸಾಗಲಿಲ್ಲ. ಫ್ಲೋಟಿನ ತಂತಿಯನ್ನು ಎರಡು ಇಕ್ಕಳದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಾಗಿಸಿದೆ, ಫ್ಲೋಟು ದಿಬ್ಬದ ಮೇಲೆ ಕೂತಾಗ ಮಲ್ಟಿಮೀಟರ್ 110 ತೋರಿಸುವವರೆಗೆ. ಒಮ್ಮೆಗೇ ಬಾಗಿಸಿದರೆ ತಂತಿ ಮುರಿದೀತು. ನಾಲ್ಕು ಸಲ ಹಾಕಿ ತೆಗೆದು ಮಾಡಿದೆ. ರಬ್ಬರ್ ರಿಂಗು ಹೊಸದು ಹಾಕಿ ಬಿಗಿದು, ಪೆಟ್ರೋಲ್ ಹಾಕಿ ಅರ್ಧ ಗಂಟೆ ಬಿಟ್ಟು ಸುತ್ತ ಬೆರಳಾಡಿಸಿ ಮೂಸಿ ನೋಡಿದೆ.

ಇದರಿಂದ ಒಂದು ನಷ್ಟವಿದೆ. ತಂತಿ ಬಾಗಿಸಿದರೆ ಇಡೀ ಅಳತೆಯೇ ಒಂದು ಕಡೆಗೆ ಸರಿಯುತ್ತದೆ. ಈಗ ಟ್ಯಾಂಕ್ ತುಂಬಿದರೂ ಮುಳ್ಳು ಮುಕ್ಕಾಲಿನಿಂದ ಮೇಲೆ ಏಳುವುದಿಲ್ಲ. ಅದು ನನಗೆ ಒಪ್ಪಿಗೆ. ಫುಲ್ ಕಡೆಯ ಸುಳ್ಳಿನಿಂದ ಯಾರೂ ಘಟ್ಟದಲ್ಲಿ ನಿಲ್ಲುವುದಿಲ್ಲ. ಮುಳ್ಳು ಈಗ ಖಾಲಿ ಅಂದಾಗ ದಿಬ್ಬದ ಮಟ್ಟಕ್ಕೆ ಪೆಟ್ರೋಲ್ ಇರುತ್ತದೆ. ಅಳೆದು ನೋಡಿದೆ, ನಾಲ್ಕು ಲೀಟರ್. ನನಗೆ ಲೀಟರಿಗೆ 13 ಕಿಲೋಮೀಟರ್ ಕೊಡುತ್ತದೆ, ಬಂಕು ಮುಟ್ಟಲು ಧಾರಾಳ ಸಾಕು.

ಗೆರೆ ಹಾಕಿಕೊಳ್ಳುವುದು

ಯಾವ ರಿಪೇರಿಯ ನಂತರವೂ ಇದನ್ನು ಮಾಡಬೇಕು, ರಿಪೇರಿ ಮಾಡದಿದ್ದರೂ ಮಾಡಬಹುದು. ಮುಳ್ಳು ತಳ ಮುಟ್ಟಿದ ದಿನ ಬಂಕಿಗೆ ಹೋಗಿ 5 ಲೀಟರ್ ಹಾಕಿಸಿ. ಪಕ್ಕದ ಸಮತಟ್ಟು ಜಾಗಕ್ಕೆ ಸರಿದು, ಎರಡು ನಿಮಿಷ ಬಿಟ್ಟು ಕೀ ಆನ್ ಮಾಡಿ, ಮೀಟರಿನ ಗಾಜಿನ ಮೇಲೆ ಅಂಟಿಸಿದ ಕಾಗದದ ಟೇಪಿಗೆ ಮುಳ್ಳು ನಿಂತಲ್ಲಿ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮತ್ತೆ 5 ಲೀಟರ್, ಮತ್ತೆ ಗೆರೆ. ಜನ ಕಮ್ಮಿಯಿರುವ ಮಧ್ಯಾಹ್ನ ಹೋಗಿ. ನಾನು ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಬೈಸಿಕೊಂಡಿದ್ದೇನೆ. ಗೆರೆಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಅದೂ ಬೇಡವೆನ್ನುವವರು ಫುಲ್ ಮಾಡಿಸಿದಾಗೆಲ್ಲ ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ನಿಮ್ಮ ಮೈಲೇಜು ಗೊತ್ತಿದ್ದರೆ ಅದಕ್ಕಿಂತ ನಂಬಿಕಸ್ಥ ಪೆಟ್ರೋಲ್ ಮೀಟರ್ ಇಲ್ಲ.

ಹೊಸ ಕಾರುಗಳ ಮಾತು ಸ್ವಲ್ಪ ಬೇರೆ. ಅವುಗಳಲ್ಲಿ ಫ್ಲೋಟಿನ ಲೆಕ್ಕವನ್ನು ಕಂಪ್ಯೂಟರ್ ಓದಿ, ಸರಾಸರಿ ಮಾಡಿ, ಆಮೇಲೆ ಮುಳ್ಳನ್ನು ತಿರುಗಿಸುತ್ತದೆ. ಕೀ ಆನ್ ಇಟ್ಟುಕೊಂಡೇ ಪೆಟ್ರೋಲ್ ಹಾಕಿಸಿದರೆ ಮುಳ್ಳು ತಡವಾಗಿ ಏರುವುದು ಇದಕ್ಕೇ. ಆಫ್ ಮಾಡಿ ಹಾಕಿಸಿ, ಹೇಗೂ ಸುರಕ್ಷತೆಗೂ ಅದೇ ಸರಿ. ಇಂಥ ಗಾಡಿಯಲ್ಲಿ ಬಲ್ಬಿನ ಪರೀಕ್ಷೆ ಮಾಡಬೇಡಿ. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಜಾಗ) ಸ್ಕ್ಯಾನರ್ ಹಾಕಿದರೆ ಹಲವು ಕಾರುಗಳಲ್ಲಿ ಟ್ಯಾಂಕ್ ಶೇಕಡಾ ಎಷ್ಟು ತುಂಬಿದೆ ಅಂತ ಕಾಣುತ್ತದೆ. ಅಲ್ಲಿ ಸರಿಯಿದ್ದು ಮುಳ್ಳು ತಪ್ಪಿದ್ದರೆ ದೋಷ ಡ್ಯಾಶ್‌ಬೋರ್ಡಿನದ್ದು. ಅಲ್ಲೂ ತಪ್ಪಿದ್ದರೆ ಟ್ಯಾಂಕಿನ ಕಡೆಯದ್ದು. ಇಂಜೆಕ್ಷನ್ ಗಾಡಿಯ ಪಂಪು ಪೆಟ್ರೋಲಿನಲ್ಲಿ ಮುಳುಗಿದ್ದೇ ತಣ್ಣಗಿರುತ್ತದೆ, ಆದ್ದರಿಂದ ಮೀಟರ್ ಕೆಟ್ಟಿದೆಯೆಂದು ಗೊತ್ತಾದ ಮೇಲೆ ಖಾಲಿಯಾಗುವವರೆಗೆ ಓಡಿಸಿ ನೋಡುವ ಪರೀಕ್ಷೆಗೆ ಇಳಿಯಬೇಡಿ. ಡೀಸೆಲ್ ಗಾಡಿಯವರಿಗೆ ಇದನ್ನು ಹೇಳಬೇಕಾಗಿಲ್ಲ, ಖಾಲಿಯಾದಾಗ ಪೈಪಿಗೆ ಹೊಕ್ಕ ಏರ್ ತೆಗೆದು ಕೈ ಬೊಬ್ಬೆ ಬಂದವರಿಗೆ ನೆನಪಿರುತ್ತದೆ.

ಮೊನ್ನೆ ಭಾವ ವ್ಯಾನು ಒಯ್ದಿದ್ದ. ಉಪಕಾರ ತೀರಿಸಲೆಂದು ಟ್ಯಾಂಕ್ ಫುಲ್ ಮಾಡಿಸಿದ್ದಾನೆ, ಮುಳ್ಳು ಮುಕ್ಕಾಲಿಗೆ ನಿಂತಿದೆ, ಬಂಕಿನಲ್ಲಿ ದೊಡ್ಡ ಜಗಳ ತೆಗೆದು ಬಂದಿದ್ದಾನೆ. ಮರುದಿನ ನಾನೇ ಹೋಗಿ ಆ ಹುಡುಗನ ಹತ್ತಿರ ತಪ್ಪಾಯಿತು ಅಂದು ಬಂದೆ. ಈಗ ಮೀಟರಿನ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: "ಮುಕ್ಕಾಲು ಅಂದರೆ ಫುಲ್. ಜಗಳ ಬೇಡ."